ಜೀರಿಗೆ ಮತ್ತೆ ಬಸ್ಸು ಹತ್ತಿದ್ದು

ಫೆಬ್ರವರಿ ೧೦

ಅಕ್ಕಾ,

ಹೆರಿಗೆಯಾದ ಮರುದಿನ ಬರೆದ ನಾಲ್ಕು ಸಾಲು ನಿನ್ನ ದ್ವೀಪಕ್ಕೆ ತಲುಪಿರಬೇಕು. ಈಗ ಮಗುವಿಗೆ ತಿಂಗಳು ದಾಟಿತು. ತೂಕ ಚೆನ್ನಾಗಿ ಏರುತ್ತಿದೆ ಎಂದು ನರ್ಸ್ ಹೇಳಿದರು.

ನನ್ನ ಬಡಗಿ ತಾನು ಕೆಲಸ ಮಾಡುವ ಕಾರ್ಯಾಗಾರದಲ್ಲಿ ಉಳಿದಿದ್ದ ಕಿಟಕಿ ಚೌಕಟ್ಟಿನ ಮರದಲ್ಲೇ ತೊಟ್ಟಿಲು ಮಾಡಿದ್ದಾನೆ. ಪಾಲಿಶ್ ವಾಸನೆ ಹೋಗಲಿ ಎಂದು ವಾರಗಟ್ಟಲೆ ಬಾಲ್ಕನಿಯಲ್ಲಿ ಇಟ್ಟಿದ್ದ. ನೋಡಿದವರೆಲ್ಲ, “ಇಂಥ ಗಂಡ ಎಲ್ಲಿ ಸಿಗ್ತಾನೆ” ಎನ್ನುತ್ತಾರೆ. ಎದುರುಮನೆಯ ಹೊಲಿಗೆ ಅಜ್ಜಿ ಪುಟ್ಟ ಅಂಗಿಗಳನ್ನು ಹೊಲಿದು ಕೊಟ್ಟಿದ್ದಾರೆ. ಗುಂಡಿ ಚುಚ್ಚೀತೆಂದು ಎಲ್ಲಕ್ಕೂ ಕಟ್ಟುವ ದಾರ ಹೊಲಿದಿದ್ದಾರೆ. ಬಸ್ ಡಿಪೋದಿಂದ ನನ್ನ ಜೊತೆಯ ಚಾಲಕರೆಲ್ಲ ಬಂದು ಹೋದರು. ಮಗುವಿನ ಮೂಗು ನಿನ್ನದೇ ಅಂತೆ.

ಅಳು ಸ್ವಲ್ಪ ಜಾಸ್ತಿ. ಎಲ್ಲ ಮಕ್ಕಳಿಗೂ ಹಾಗೇ ಅಂತೆ.

ಬೇರೇನಿಲ್ಲ. ಎಲ್ಲ ಚೆನ್ನಾಗಿದೆ. ಚೆನ್ನಾಗಿಯೇ ಇದೆ.

ನಿನ್ನ
ಜೀರಿಗೆ


ಫೆಬ್ರವರಿ ೨೬

ಜೀರಿಗೆ,

ನಿನ್ನ ಪತ್ರ ಈ ಸಲದ ದೋಣಿಯಲ್ಲಿ ಹಿಟ್ಟಿನ ಮೂಟೆ, ಸೀಮೆಎಣ್ಣೆ ಡಬ್ಬಗಳ ಜೊತೆ ಬಂತು. ಹದಿನೈದು ದಿನಕ್ಕೊಮ್ಮೆ ಬರುವ ದೋಣಿ ಬಿಟ್ಟರೆ ಇಲ್ಲಿಗೂ ಲೋಕಕ್ಕೂ ಬೇರೆ ಸಂಬಂಧವಿಲ್ಲ. ಇರುವ ಒಂದು ರೇಡಿಯೋ ಹವಾಮಾನದ ವರದಿ ಕಳಿಸುವುದಕ್ಕೆ ಮಾತ್ರ. ಅದನ್ನು ನಮ್ಮ ಹವಾಮಾನ ಕೇಂದ್ರದ ಮುಖ್ಯಸ್ಥರು ಹೊಸ ಸೊಸೆಯ ಒಡವೆ ಕಾದ ಹಾಗೆ ಕಾಯುತ್ತಾರೆ. ನಾನು ಅಡುಗೆಯವಳು. ಐದು ಜನ ವಿಜ್ಞಾನಿಗಳಿಗೆ ಹೊಟ್ಟೆ ತುಂಬ ಬಡಿಸುವುದಷ್ಟೇ ನನ್ನ ಕೆಲಸ. ಅವರೋ, ಗಾಳಿ ಎತ್ತ ಬೀಸುತ್ತದೆ ಎಂದು ನೋಡುತ್ತ ಉಪ್ಪಿಲ್ಲದ ಸೂಪನ್ನೂ “ಬಹಳ ಚೆನ್ನಾಗಿದೆ” ಎಂದು ಕುಡಿಯುವ ಜನ.

ಇರಲಿ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ತೊಟ್ಟಿಲಿದೆ, ಪಾಲಿಶ್ ಇದೆ, ಅಂಗಿಯ ದಾರ ಇದೆ, ನನ್ನ ಮೂಗೂ ಇದೆ. ನೀನೊಬ್ಬಳು ಇಲ್ಲ. ಅಡ್ಡ ಬಂದ ಲಾರಿಯವನನ್ನು ಬೈಯುವುದಕ್ಕೇ ಎರಡು ಪುಟ ತೆಗೆದುಕೊಳ್ಳುವವಳು ನೀನು. ಹೆತ್ತ ಮಗುವಿನ ಬಗ್ಗೆ ಇಷ್ಟು ಅಚ್ಚುಕಟ್ಟಾಗಿ ಬರೆದರೆ ನಾನು ನಂಬುತ್ತೇನೆಯೇ? “ಚೆನ್ನಾಗಿದೆ” ಎಂದು ಎರಡು ಸಲ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆನೋ ಏನೋ.

ಬೆಳಿಗ್ಗೆ ಏನು ತಿಂದೆ? ನಿದ್ದೆ ಬರುತ್ತಿದೆಯೇ? ಕೊನೆಯ ಸಲ ನಕ್ಕಿದ್ದು ಯಾವಾಗ? ಸೊಟ್ಟಂಬಟ್ಟ ಬರೆದರೂ ಸರಿ, ನಿಜ ಬರೆ. ಅಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆದವಳು ನಾನು. ನನ್ನ ಮುಂದೆ ಮುಚ್ಚಿಡಲು ನಿನಗೆ ಯಾವತ್ತೂ ಬಂದಿಲ್ಲ.

ಅಕ್ಕ


ಮಾರ್ಚ್ ೧೨

ಅಕ್ಕಾ,

ಎರಡು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಬೆಳಿಗ್ಗೆ ಏನು ತಿಂದೆ ಎಂದು ಕೇಳಿದ್ದೀಯ. ನೆನಪಿಲ್ಲ. ಬಡಗಿ ಕೆಲಸಕ್ಕೆ ಹೋದ ಮೇಲೆ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತೇನೆ. ಮಧ್ಯಾಹ್ನ ಚಹಾ. ಆಮೇಲೆ ಇನ್ನೊಂದು ಚಹಾ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಈಗ ಎದ್ದೀತು, ಈಗ ಅತ್ತೀತು ಎಂದು ಕಾಯುತ್ತ ಮಲಗಿರುತ್ತೇನೆ. ಒಂದು ದಿನ ಸ್ನಾನದ ಮನೆಗೆ ಹೋಗಿ, ಅಳು ಕೇಳದಿರಲಿ ಎಂದು ನಲ್ಲಿ ತಿರುಗಿಸಿ ಕೂತಿದ್ದೆ.

ಅದು ಚಂದದ ಮಗು. ಎಲ್ಲರೂ ಹೇಳುತ್ತಾರೆ. ನನಗೂ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಯಾರೋ ಮರೆತು ಹೋದ ಚೀಲವನ್ನು ಜೋಪಾನ ಮಾಡುತ್ತೇವಲ್ಲ, ಹಾಗೆ ನೋಡಿಕೊಳ್ಳುತ್ತಿದ್ದೇನೆ ಅಕ್ಕ. ನಿಜವಾದ ಅಮ್ಮ ಬಂದು ಕೇಳಿದರೆ ಕೊಟ್ಟುಬಿಡಬೇಕು ಅನ್ನುವ ಹಾಗೆ. ಅಷ್ಟು ದೊಡ್ಡ ಬಸ್ಸನ್ನು ಊರಿನ ಸಂದಿಗೊಂದಿಯಲ್ಲಿ ಓಡಿಸಿದವಳಿಗೆ ಒಂದು ಮಗುವನ್ನು ಎತ್ತಿಕೊಳ್ಳಲು ಕೈ ಬರುವುದಿಲ್ಲ. “ನಿನ್ನ ಅದೃಷ್ಟವೇ ಅದೃಷ್ಟ” ಎಂದು ಜನ ಹೇಳಿದಾಗ ನಗುತ್ತೇನೆ. ನಗುವುದೂ ಒಂದು ಪಾಳಿಯ ಕೆಲಸವಾಗಿದೆ.

ಬಡಗಿಗೆ ಹೇಳಿಲ್ಲ. ಏನೆಂದು ಹೇಳಲಿ?

ಇನ್ನೊಂದು ಮಾತು. ನಾನಿಲ್ಲದಿದ್ದರೆ ಇವರಿಬ್ಬರೂ ಹಗುರವಾಗುತ್ತಾರೆ ಅನ್ನಿಸುತ್ತಿದೆ. ಮೊದಲು ಹಾಗೆ ಅನ್ನಿಸಿದಾಗ ಹೆದರಿದ್ದೆ. ಈಗ ಹೆದರಿಕೆಯೂ ಆಗುವುದಿಲ್ಲ.

ಬೈಯಬೇಡ.

ಜೀರಿಗೆ


ಮಾರ್ಚ್ ೨೭

ಅಕ್ಕನಿಗೆ ನಮಸ್ಕಾರ,

ನಾನು ಬಡಗಿ. ಪತ್ರ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವತ್ತು ಗರಗಸ ಓಡಿಸುತ್ತಿದ್ದೆ. ಮಾಲೀಕರು ಬಂದು, “ಬಂದರು ಕಚೇರಿಯಿಂದ ಫೋನು, ನಿಂಗೇ ಅಂತೆ” ಎಂದರು. ಬಂದರಿನಲ್ಲಿ ನನಗೆ ಯಾರಿದ್ದಾರೆ ಎಂದುಕೊಂಡೇ ಹೋದೆ. ಆ ಕಡೆಯ ಗುಮಾಸ್ತರು ಹವಾಮಾನ ವರದಿ ಓದುವ ದನಿಯಲ್ಲೇ, ರೇಡಿಯೋದಲ್ಲಿ ಬಂದ ನಿಮ್ಮ ಸಂದೇಶ ಓದಿದರು: “ಅವಳಿಗೆ ಹುಷಾರಿಲ್ಲ. ಒಬ್ಬಳನ್ನೇ ಬಿಡಬೇಡ. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾಳೆ ಅನ್ನಬೇಡ. ಬೈಯಬೇಡ, ಪ್ರಶ್ನೆ ಕೇಳಬೇಡ, ಜೊತೆಗಿರು.” ಓದಿ ಮುಗಿಸಿದ ಮೇಲೆ ಅವರು, “ಇನ್ನೂ ಯಾಕಪ್ಪ ಫೋನ್ ಹಿಡ್ಕೊಂಡಿದೀಯ? ಹೊರಡು” ಎಂದರು.

ಮೈತುಂಬ ಮರದ ಪುಡಿ ಹೊತ್ತುಕೊಂಡೇ ಓಡಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಮಗು ಒಳಗೆ ಅಳುತ್ತಿತ್ತು. ನಾನು ಮಗುವನ್ನು ಎತ್ತಿಕೊಂಡು ಅವಳ ಪಕ್ಕದಲ್ಲೇ ಕೂತೆ. ಅವಳು ಹೇಳಿದಳು: “ನಂಗೆ ಏನೋ ಆಗಿದೆ ಕಣೋ. ನಾನು ಕೆಟ್ಟ ತಾಯಿ.”

“ಅಕ್ಕ ಫೋನ್ ಮಾಡ್ಸಿದ್ರು. ಡಾಕ್ಟರ ಹತ್ರ ಹೋಗೋಣ ಬಾ” ಎಂದಷ್ಟೇ ಹೇಳಿದೆ. ನಿಮ್ಮ ಹೆಸರೆತ್ತಿದ್ದೇ ತಡ, ಅವಳಿಗೆ ಅಳು ಬಂತು. ಅಷ್ಟು ದಿನದಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಅವಳು ಹೇಳಿದ್ದನ್ನೆಲ್ಲ ಕೇಳಿ, ತಾನಿಲ್ಲದಿದ್ದರೇ ಒಳ್ಳೆಯದು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿ ತಿಳಿದುಕೊಂಡು, “ಇದಕ್ಕೆ ಹೆರಿಗೆ ನಂತರದ ಖಿನ್ನತೆ ಅಂತಾರೆ. ಕಾಯಿಲೆ. ನಿಮ್ಮ ಗುಣ ಅಲ್ಲ, ತಪ್ಪೂ ಅಲ್ಲ. ಎಷ್ಟೋ ತಾಯಂದಿರಿಗೆ ಬರುತ್ತೆ, ವಾಸೀನೂ ಆಗುತ್ತೆ” ಎಂದರು. “ನಂಗೆ ವಾಸಿ ಆಗದೇ ಇದ್ರೆ?” ಎಂದಳು ಇವಳು. “ಆಗೋ ತನಕ ನಾನಿಲ್ಲೇ ಇರ್ತೀನಲ್ಲ” ಎಂದರು.

ಮಾತ್ರೆ ಬರೆದುಕೊಟ್ಟಿದ್ದಾರೆ, ಹಾಲೂಡಿಸುವವರಿಗೆ ಆಗುವಂಥದು. ವಾರಕ್ಕೊಮ್ಮೆ ಆಪ್ತ ಸಮಾಲೋಚಕರ ಹತ್ತಿರ ಮಾತಾಡಲು ಹೋಗಬೇಕು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ ಎಂದು ಬಂತು, ಅದಕ್ಕೂ ಮಾತ್ರೆ ಉಂಟು. ಸದ್ಯಕ್ಕೆ ಅವಳನ್ನು ಒಬ್ಬಳೇ ಬಿಡುವಂತಿಲ್ಲ. ನಾನು ರಜೆ ಹಾಕಿದ್ದೇನೆ. ನಾನು ಹೊರಗೆ ಹೋದಾಗ ಹೊಲಿಗೆ ಅಜ್ಜಿ ತಮ್ಮ ಬಟ್ಟೆ ಗಂಟು ಹೊತ್ತುಕೊಂಡು ನಮ್ಮ ಮನೆಗೇ ಬಂದು ಕೂರುತ್ತಾರೆ.

ಹೊತ್ತುಹೊತ್ತಿಗೆ ಊಟ, ನಿದ್ದೆ, ಬೆಳಗಿನ ಬಿಸಿಲು, ನಡಿಗೆ, ಇಷ್ಟು ಮಾತ್ರೆಯಷ್ಟೇ ಮುಖ್ಯ ಎಂದಿದ್ದಾರೆ. ನಿದ್ದೆ, ಬಿಸಿಲು, ನಡಿಗೆ ನಾನು ನೋಡಿಕೊಳ್ಳುತ್ತೇನೆ. ಊಟದ್ದೇ ಕಷ್ಟ. ನಾನು ಮಾಡಿದ ಅಡುಗೆಯನ್ನು ಕಾರ್ಯಾಗಾರದ ಬೆಕ್ಕೂ ಮೂಸಿ ನೋಡಿ ಹೋಗುತ್ತದೆ. ದಾರಿ ತೋರಿಸಿ.

ನಿಮ್ಮ ತಮ್ಮನಂಥ
ಬಡಗಿ


ಏಪ್ರಿಲ್ ೩

ಜೀರಿಗೆ, ಮತ್ತು ಮರದ ಪುಡಿ ಮಹಾಶಯನೇ,

ಮೊದಲು ಜೀರಿಗೆಗೆ. ನಿನ್ನ ಪತ್ರ ಓದಿದ ಕೂಡಲೇ ಮುಖ್ಯಸ್ಥರ ಕೋಣೆಗೆ ಹೋದೆ, ಕೈಯಲ್ಲಿ ಸೌಟು ಹಾಗೇ ಇತ್ತು. “ಸಾರ್, ರೇಡಿಯೋ ಬೇಕು” ಎಂದೆ. “ಅದು ಹವಾಮಾನಕ್ಕೆ ಮಾತ್ರ, ನಿಮಗೆ ಗೊತ್ತಲ್ಲ” ಎಂದರು. “ಹವಾಮಾನವೇ ಸಾರ್. ನಮ್ಮನೇಲಿ ಬಿರುಗಾಳಿ ಎದ್ದಿದೆ” ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ತಾವೇ ರೇಡಿಯೋ ಮುಂದೆ ಕೂತು, “ಹೇಳಿ, ನಿಧಾನವಾಗಿ ಹೇಳಿ” ಎಂದರು. ಅದಾದ ಮೇಲೆ ದಿನವೂ, “ತಂಗಿ ಹೇಗಿದ್ದಾರಂತೆ?” ಎಂದು ಕೇಳುತ್ತಾರೆ. ದೋಣಿ ಬಾರದೆ ನನಗೇನು ಗೊತ್ತಾಗಬೇಕು!

ನಿನ್ನನ್ನು ಬೈಯುವುದಿಲ್ಲ. ಬರೆದೆಯಲ್ಲ, ಆ ಕೈಗೆ ಮುತ್ತು ಕೊಡಬೇಕು. ಕೆಟ್ಟ ತಾಯಿಯಾಗಿದ್ದರೆ ಇಷ್ಟು ಸುಟ್ಟುಕೊಳ್ಳುತ್ತಿರಲಿಲ್ಲ ನೀನು.

ಇನ್ನು ಬಡಗಿಗೆ. ಕಿಟಕಿ ಮಾಡುವವನಿಗೆ ಮೊಟ್ಟೆ ಬೇಯಿಸಲು ಬಾರದು ಎಂದರೆ ನಾನು ಒಪ್ಪುವುದಿಲ್ಲ. ಕೇಳು. ಎಳೆಮಗುವಿನ ತಾಯಿಗೆ ಎರಡು ಕೈ ಇರುವುದಿಲ್ಲ, ಒಂದೇ ಕೈ. ಇನ್ನೊಂದರಲ್ಲಿ ಮಗು ಇರುತ್ತದೆ. ಅದಕ್ಕೇ ಅವಳು ಬಿಸ್ಕತ್ತು ತಿನ್ನುತ್ತಿದ್ದುದು. ಆದ್ದರಿಂದ ಒಂದೇ ಕೈಯಲ್ಲಿ ತಿನ್ನುವಂಥದ್ದನ್ನು ಮಾಡು. ಬೆಳಿಗ್ಗೆ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದೇ ಇಡು. ಸುಲಿಯದೆ ಇಟ್ಟರೆ ಅದು ಅಲ್ಲೇ ಇರುತ್ತದೆ. ಬಾಳೆಹಣ್ಣು, ಖರ್ಜೂರ, ಹುರಿದ ಕಡಲೆಕಾಯಿ ಹಾಸಿಗೆಯ ಪಕ್ಕದಲ್ಲೇ ಇರಲಿ, ನೀರಿನ ಹೂಜಿಯೂ. ಬೇಳೆಗೆ ಸೊಪ್ಪು ಹಾಕಿ ಮೆತ್ತಗೆ ಬೇಯಿಸಿ ಕಡೆದು, ಹಿಡಿಯಿರುವ ದೊಡ್ಡ ಲೋಟದಲ್ಲಿ ಕೊಡು, ಕುಡಿಯಲಿ. ಕೊನೆಯಲ್ಲಿ ನಿಂಬೆ ಹಿಂಡು. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಹುಳಿ ಬೇಕು. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿನಲ್ಲಿ ಚಹಾ ಬೇಡ, ಅದು ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಜಾತಿಯದು. ವಾರಕ್ಕೆರಡು ಸಲ ಮೀನು, ಬೂತಾಯಿಯಂಥ ಸಣ್ಣ ಮೀನು. ಮೀನು ಹುರಿಯುವಾಗ ಎಣ್ಣೆ ಕಾಯುವ ಮೊದಲೇ ಹಾಕಬೇಡ. ಬೆಕ್ಕಿಗೂ ಒಂದು ಕೊಡು, ನಿನ್ನ ಮರ್ಯಾದೆ ಉಳಿಯುತ್ತದೆ.

ಇಬ್ಬರಿಗೂ ಒಂದು ಮಾತು. ಊಟ ಔಷಧಿಯಲ್ಲ. ನನ್ನ ಬೇಳೆಯಿಂದಲೇ ಎಲ್ಲ ವಾಸಿಯಾಗುತ್ತದೆ ಎಂದು ಕೊಚ್ಚಿಕೊಳ್ಳುವಷ್ಟು ದಡ್ಡಿ ನಾನಲ್ಲ. ಡಾಕ್ಟರಮ್ಮ ಹೇಳಿದ್ದು ಮೊದಲು. ಆದರೆ ಖಾಲಿ ಹೊಟ್ಟೆಯಲ್ಲಿ ಯಾರೂ ಬೆಟ್ಟ ಹತ್ತಿಲ್ಲ.

ಅಕ್ಕ


ಏಪ್ರಿಲ್ ೨೫

ಅಕ್ಕಾ,

ನೀನು ಕೇಳುವುದು ಗೊತ್ತು, ಅದಕ್ಕೆ ಮೊದಲೇ ಹೇಳುತ್ತೇನೆ. ಅಂಥ ಬದಲಾವಣೆ ಏನೂ ಇಲ್ಲ. ಮಾತ್ರೆಗೆ ಕೆಲವು ವಾರ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಎದೆಯ ಮೇಲೆ ಚಕ್ರ ಇಟ್ಟ ಹಾಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸರಿಯುತ್ತದೆ.

ನಿನ್ನ ಪತ್ರವನ್ನು ಬಡಗಿ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾನೆ. ಮೊದಲ ದಿನದ ಬೇಳೆ ಗೋಡೆಗೆ ಮೆತ್ತಲು ಬರುವಂತಿತ್ತು. ಎರಡನೆಯ ದಿನ ನಿಂಬೆಹಣ್ಣನ್ನು ಬೀಜ ಸಮೇತ ಕಡೆದುಬಿಟ್ಟ. “ಕಹಿ ಇದೆಯಾ?” ಎಂದ. “ನಂಗೆ ರುಚಿ ಗೊತ್ತಾಗ್ತಿಲ್ಲ” ಎಂದೆ. “ಸದ್ಯ, ಬದುಕಿದೆ” ಎಂದ. ರಾತ್ರಿಯ ಮೊದಲ ಅರ್ಧ ಮಗು ಅವನದು. ತೆಗೆದಿಟ್ಟ ಹಾಲು ಅವನೇ ಕುಡಿಸುತ್ತಾನೆ. ನಾನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. ಡಾಕ್ಟರಮ್ಮನ ಆಜ್ಞೆ. ಮೊದಲಿಗೆ ಬಾಗಿಲು ನೋಡುತ್ತ ಮಲಗಿರುತ್ತಿದ್ದೆ. ಈಗ ನಿದ್ದೆ ಬರುತ್ತಿದೆ.

ಹೊಲಿಗೆ ಅಜ್ಜಿ ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. “ಕಾಲುವೆ ತನಕ ಬಾ ಮಗಾ. ನಂಗೆ ಮಂಡಿ ನೋವು, ಒಬ್ಬಳೇ ನಡೆಯೋಕಾಗಲ್ಲ” ಎನ್ನುತ್ತಾರೆ. ಆಮೇಲೆ ನನಗಿಂತ ಮುಂದೆ ಪಟಪಟ ನಡೆಯುತ್ತಾರೆ. ಮಂಡಿ ನೋವು ಶುದ್ಧ ಸುಳ್ಳು. ಮಾತಾಡಿಸುವುದೂ ಇಲ್ಲ. ಒಮ್ಮೆ ಮಾತ್ರ, ಕಾಲುವೆಯ ಕಟ್ಟೆಯ ಮೇಲೆ ಕೂತಾಗ, “ನನ್ನ ಎರಡನೇ ಮಗ ಹುಟ್ಟಿದಾಗ ನಂಗೂ ಹೀಗೇ ಆಗಿತ್ತು. ಆಗ ಇದಕ್ಕೆ ಹೆಸರೇ ಇರಲಿಲ್ಲ” ಎಂದರು. ಆಮೇಲೂ ಬಿಸಿಲಿನಲ್ಲಿ ಕೂತಿದ್ದೆವು.

ಹಾಂ, ಒಂದು ಆಯಿತು. ನಿನ್ನೆ ಮನೆಗೆ ಬರುವಾಗ ಬ್ರೆಡ್ಡಿನಂಗಡಿಯ ಮುಂದೆ ನಿಂತೆ. ಹಸಿವಾಗಿತ್ತು ಅಕ್ಕ. ನಿಜವಾದ ಹಸಿವು.

ಜೀರಿಗೆ


ಮೇ ೧೮

ಅಕ್ಕಾ,

ಬೈಸಿಕೊಳ್ಳುವ ಕೆಲಸ ಮಾಡಿದ್ದೇನೆ. ಒಂದು ವಾರ ಚೆನ್ನಾಗಿತ್ತು. ನಿದ್ದೆ, ಊಟ, ಎಲ್ಲ. ಇನ್ನೇಕೆ ಮಾತ್ರೆ ಎಂದು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಮತ್ತೆ ಬಿದ್ದೆ. ಮೊದಲಿಗಿಂತ ಜೋರಾಗಿ. ಡಾಕ್ಟರಮ್ಮ ರೇಗಲಿಲ್ಲ. “ಇಳಿಜಾರಲ್ಲಿ ಬಸ್ ಹೋಗ್ತಿರುವಾಗ ಬ್ರೇಕ್ ಮೇಲಿಂದ ಕಾಲು ತೆಗೀತೀರಾ?” ಎಂದು ಕೇಳಿದರು. “ಇಲ್ಲ” ಎಂದೆ. “ನಿಲ್ಲಿಸೋ ಕಾಲ ಬಂದಾಗ ಇಬ್ಬರೂ ಕೂತು ಮಾತಾಡೋಣ, ನಿಧಾನಕ್ಕೆ ಕಡಿಮೆ ಮಾಡೋಣ” ಎಂದರು. ಮತ್ತೆ ಶುರು ಮಾಡಿದ್ದೇನೆ.

ಇಷ್ಟೇ ಬರೆಯಲು ಸಾಧ್ಯ ಇವತ್ತು.

ಜೀ.


ಜೂನ್ ೧

ಜೀರಿಗೆ,

ಬೈಯುವ ಕೆಲಸ ಡಾಕ್ಟರಮ್ಮ ಬಸ್ಸಿನ ಭಾಷೆಯಲ್ಲೇ ಮಾಡಿದ್ದಾರೆ, ನನಗೆ ಏನೂ ಉಳಿಸಿಲ್ಲ. ಬಿದ್ದವಳು ಎದ್ದು ಮಾತ್ರೆ ತೆಗೆದುಕೊಂಡೆ. ನನಗೆ ಕಾಣುವುದು ಅದೊಂದೇ.

ನಿನ್ನ ಪತ್ರ ತಂದ ದೋಣಿಯ ನಾಯಕರ ಹತ್ತಿರ, “ನಾನೂ ಬರ್ತೀನಿ, ಜಾಗ ಇದೆಯಾ?” ಎಂದು ಕೇಳಿದ್ದೆ. ಇದೆ ಎಂದರು. ಚೀಲವನ್ನೂ ತುಂಬಿದ್ದೆ. ಆಮೇಲೆ ನಿನ್ನ ಏಪ್ರಿಲ್ ಪತ್ರದ ಕೊನೆಯ ಎರಡು ಸಾಲು ಮತ್ತೆ ಓದಿ, ಚೀಲ ಬಿಚ್ಚಿದೆ. ಇವಳಿಗೆ ಹಸಿವಾಗಿದೆ, ಇನ್ನು ಇವಳು ತಾನೇ ನಡೆಯುತ್ತಾಳೆ, ನಾನು ಹೋಗಿ ಎತ್ತಿಕೊಂಡರೆ ಕೆಡುತ್ತಾಳೆ ಅನ್ನಿಸಿತು. ಸರಿಯೋ ತಪ್ಪೋ ಗೊತ್ತಿಲ್ಲ. ಬಾ ಎಂದರೆ ಮುಂದಿನ ದೋಣಿಗೇ ಬರುತ್ತೇನೆ. ಒಂದು ಪದ ಸಾಕು.

ಅಕ್ಕ


ಜೂನ್ ೨೧

ಅಕ್ಕಾ,

ಬರಬೇಡ! ಕೆಲಸದ ಕರಾರು ಮುಗಿಸಿಕೊಂಡೇ ಬಾ. ಏಕೆಂದು ಹೇಳುತ್ತೇನೆ.

ಮೊನ್ನೆ ಸ್ನಾನ ಮಾಡಿಸುತ್ತಿದ್ದೆ. ಅವಳ ಕತ್ತಿನ ಮಡಿಕೆಯಲ್ಲಿ ಸೋಪು ಹಚ್ಚುವಾಗ ನನಗೆ ಸೀನು ಬಂತು. ನನ್ನ ಸೀನು ನಿನಗೆ ಗೊತ್ತಲ್ಲ, ಡಿಪೋದಲ್ಲಿ ಟೈರು ಒಡೆಯಿತು ಎಂದುಕೊಳ್ಳುತ್ತಿದ್ದರು. ಹೆದರಿ ಅಳುತ್ತಾಳೆ ಎಂದುಕೊಂಡೆ. ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು, ಆಮೇಲೆ ಹೊಟ್ಟೆಯೆಲ್ಲ ಕುಣಿಯುವಂತೆ ನಕ್ಕಳು. ಬೇಕೆಂದೇ ಇನ್ನೊಂದು ಸೀನು ಸೀನಿದೆ. ಮತ್ತೆ ನಕ್ಕಳು. ನಾನು ಸುಳ್ಳು ಸೀನು ಸೀನುತ್ತ, ಅವಳು ನಗುತ್ತ, ನೀರೆಲ್ಲ ತಣ್ಣಗಾಯಿತು. ಬಡಗಿ ಓಡಿ ಬಂದು, “ಏನಾಯ್ತು, ಏನಾಯ್ತು?” ಎಂದ. ನನಗೆ ಹೇಳಲಾಗಲಿಲ್ಲ. ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಎಲ್ಲ ಒಮ್ಮೆಗೇ ಬಂದುಬಿಟ್ಟಿತು ಅಕ್ಕ. ಇವಳನ್ನು ಯಾರಾದರೂ ಕೇಳಲು ಬಂದರೆ ಬಾಗಿಲು ತೆಗೆಯುವವಳಲ್ಲ ನಾನು ಈಗ.

ಕೆಟ್ಟ ದಿನಗಳು ಇನ್ನೂ ಇವೆ. ಆದರೆ ಅವು ಬಂದು ಹೋಗುತ್ತವೆ, ಇಲ್ಲೇ ಮನೆ ಮಾಡುವುದಿಲ್ಲ.

ಕಾಲುವೆಯ ಬಳಿಯ ನಡಿಗೆಗೆ ಈಗ ಇನ್ನಿಬ್ಬರು ಎಳೆತಾಯಂದಿರು ಸೇರಿದ್ದಾರೆ. ಒಬ್ಬಳು ಶಾಲೆಯಲ್ಲಿ ಗಣಿತ ಹೇಳುವವಳು, ಇನ್ನೊಬ್ಬಳು ದಂತವೈದ್ಯೆ. ಹೊಲಿಗೆ ಅಜ್ಜಿಯೇ ನಮ್ಮ ದಂಡನಾಯಕಿ. ಬಡಗಿ ಬೇಯಿಸಿದ ಮೊಟ್ಟೆಗಳನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ. ದಂತವೈದ್ಯೆ, “ನನ್ನ ಗಂಡನಿಗೂ ಇದನ್ನ ಕಲಿಸಕ್ಕೆ ಹೇಳಿ” ಎಂದಳು. ಬಡಗಿಯ ಮೀಸೆ ಎರಡು ದಿನ ಕೆಳಗಿಳಿಯಲಿಲ್ಲ.

ಇನ್ನು ಒಂದು ಕಹಿ ಸುದ್ದಿ. ಆಗಸ್ಟಿನಲ್ಲಿ ಕೆಲಸಕ್ಕೆ ಮರಳಬಹುದು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಮಾತ್ರೆಯಿಂದ ನನಗೆ ಮಂಪರಿಲ್ಲ, ಗಮನ ಸರಿಯಾಗಿದೆ ಎಂದು ಪರೀಕ್ಷಿಸಿಯೇ ಬರೆದದ್ದು. ಅದನ್ನು ಹಿಡಿದು ಡಿಪೋಗೆ ಹೋದೆ. ಮ್ಯಾನೇಜರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಟಿಕೆಟ್ ಕೌಂಟರಲ್ಲಿ ಕೂತ್ಕೊಳಿ. ಫ್ಯಾನ್ ಇದೆ, ನೆರಳಿದೆ.”

“ನಾನು ಡ್ರೈವರ್ ಸಾರ್.”

“ಆಗಿದ್ರಿ. ಈಗ ಮನಸ್ಸಿನ ಕಾಯಿಲೆ ಅಂತಿದೀರ. ನಾಳೆ ಬಸ್ಸಲ್ಲಿ ಅರವತ್ತು ಜನ ಇದ್ದಾಗ ಹೆಚ್ಚುಕಮ್ಮಿ ಆದ್ರೆ?”

ಡಾಕ್ಟರಮ್ಮನ ಚೀಟಿ ತೆಗೆದುಕೊಂಡು ಎದ್ದು ಬಂದೆ. ಅವರು ಕೆಟ್ಟವರಲ್ಲ. ಅದೇ ಕಷ್ಟ. ದಾರಿಯುದ್ದಕ್ಕೂ, ಅವರು ಹೇಳುವುದೇ ಸರಿಯೇನೋ ಅನ್ನಿಸುತ್ತಿತ್ತು.

ಜೀರಿಗೆ


ಜುಲೈ ೪

ಜೀರಿಗೆ,

ನಿನ್ನ ಪತ್ರದಲ್ಲಿ ಒಂದು ವಿಶೇಷ ಕಂಡೆ. ಇಷ್ಟು ದಿನ “ಮಗು”, “ಅದು” ಎಂದು ಬರೆಯುತ್ತಿದ್ದವಳು ಈ ಸಲ “ಅವಳು” ಎಂದು ಬರೆದಿದ್ದೀಯ. ನಿನಗೆ ಗೊತ್ತಿತ್ತೋ ಇಲ್ಲವೋ. ನಾನಂತೂ ಉಗ್ರಾಣದ ಬಾಗಿಲು ಹಾಕಿಕೊಂಡು ಆಲೂಗಡ್ಡೆ ಮೂಟೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಈರುಳ್ಳಿಯ ಮೇಲೆ ಹಾಕಿ ತಪ್ಪಿಸಿಕೊಂಡೆ.

ಈಗ ಮ್ಯಾನೇಜರ ವಿಷಯ. ಕಾಲು ಮುರಿದು ಕೂಡಿಕೊಂಡ ಚಾಲಕನನ್ನು ಅವರು ಏನು ಮಾಡುತ್ತಾರೆ? ಕೌಂಟರಿಗೆ ಕೂರಿಸುತ್ತಾರೆಯೇ, ಓಡಿಸಿ ತೋರಿಸು ಎನ್ನುತ್ತಾರೆಯೇ? ಹೋಗಿ ಇಷ್ಟೇ ಕೇಳು. ಜಗಳವಾಡಬೇಡ. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು. ಹಸಿದವಳ ದನಿ ನಡುಗುತ್ತದೆ, ಅವರು ಅದನ್ನು ಹೆದರಿಕೆ ಎಂದುಕೊಳ್ಳುತ್ತಾರೆ. ಕೌಂಟರಿನ ಕೆಲಸ ಕೀಳಲ್ಲ. ನಿನಗೆ ಬೇಕಿದ್ದರೆ ಮಾಡು. ಅವರಿಗೆ ಬೇಕೆಂದು ಮಾಡಬೇಡ.

ಅಕ್ಕ


ಆಗಸ್ಟ್ ೨

ಅಕ್ಕಾ, ಅಕ್ಕಾ,

ಕೇಳಿದೆ. ನೀನು ಹೇಳಿಕೊಟ್ಟ ಹಾಗೆ, ಅದೇ ಮಾತಿನಲ್ಲಿ. ಮ್ಯಾನೇಜರು ಬಹಳ ಹೊತ್ತು ಪೆನ್ನು ತಿರುಗಿಸಿದರು. “ಪರೀಕ್ಷೆ ಕೊಡ್ತೀರಾ? ಹೊರಗಿನ ಪರೀಕ್ಷಕರು ಬರ್ತಾರೆ. ನಾನು ಮಧ್ಯೆ ಬಾಯಿ ಹಾಕಲ್ಲ. ಫೇಲಾದ್ರೆ ಮತ್ತೆ ಮಾತಿಲ್ಲ” ಎಂದರು. “ಪಾಸಾದ್ರೂ ಮತ್ತೆ ಮಾತಿರಬಾರದು ಸಾರ್” ಎಂದೆ.

ನಿನ್ನೆ ಪರೀಕ್ಷೆ. ಬೆಳಿಗ್ಗೆ ಬಡಗಿ ಓಟ್ಸ್ ಗಂಜಿ ಮಾಡಿ ಮೇಲೆ ಬಾಳೆಹಣ್ಣು ಹೆಚ್ಚಿ ಹಾಕಿದ್ದ, ಜೊತೆಗೆ ಮೊಟ್ಟೆ. ಪೂರ್ತಿ ತಿಂದೆ. ಪರೀಕ್ಷಕರು ಬೋಳುತಲೆಯ, ಮಾತಿನಲ್ಲಿ ಜಿಪುಣನಾದ ಮನುಷ್ಯ. ಕೊಟ್ಟಿದ್ದು ನಡುವೆ ಮಡಚಿಕೊಳ್ಳುವ ಉದ್ದನೆಯ ಬಸ್ಸು. ಆಸನ ಸರಿಮಾಡಿಕೊಂಡು ಕೂತೆ. ಕೀಲಿ ತಿರುಗಿಸಿದ ಮೇಲೆ ಎಂಜಿನ್ನಿನ ನಡುಕ ಪಾದದಿಂದ ಹತ್ತಿ ಬೆನ್ನಿಗೆ ಬಂತು. ನನ್ನ ಮೈಗೆ ಅದು ಗೊತ್ತಿತ್ತು ಅಕ್ಕ. ನನಗಿಂತ ಮೊದಲೇ ನನ್ನ ಮೈ, ಓ ಇದಾ, ಎಂದಿತು.

ಮುಖ್ಯರಸ್ತೆ, ಆಸ್ಪತ್ರೆಯ ತಿರುವು, ಸೇತುವೆ, ಎಲ್ಲ ಸುಗಮ. ಕೊನೆಗೆ ಮಾರುಕಟ್ಟೆಯ ಹಿಂದಿನ ಏರು. ಆ ರಸ್ತೆಯಲ್ಲಿ ಎರಡೂ ಬದಿ ಗಾಡಿ ನಿಲ್ಲಿಸಿರುತ್ತಾರೆ. ಅರ್ಧ ಏರಿದ್ದೆ, ಎದುರಿಗೆ ಮಂಜುಗಡ್ಡೆಯ ಲಾರಿ ಬಂದು ನಿಂತಿತು. ಲಾರಿಯವನು ಹಿಂದೆ ಹೋಗು ಎಂದು ಕೈ ಬೀಸಿದ. ಹಿಂದೆ ಇಳಿಜಾರು, ಅದೂ ಮಡಚುವ ಬಸ್ಸು.

“ಏನ್ ಮಾಡ್ತೀರಿ?” ಎಂದರು ಪರೀಕ್ಷಕರು. ಅಷ್ಟು ಹೊತ್ತಿನಲ್ಲಿ ಅವರಾಡಿದ ಮೊದಲ ಮಾತು.

“ಕಾಯ್ತೀನಿ” ಎಂದೆ.

ಕೈಬ್ರೇಕು ಎಳೆದು, ಅಪಾಯದ ದೀಪ ಹಾಕಿ ಕೂತೆ. ಲಾರಿಯವನು ಹಾರ್ನ್ ಹೊಡೆದ, ಕೂಗಿದ. ಹಿಂದಿನ ಕಾರುಗಳೂ ಶುರು ಮಾಡಿದವು. ಮೊದಲಿನ ನಾನಾಗಿದ್ದರೆ ಇಳಿದು ಹೋಗಿ ಅವನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದೆ. ಸುಮ್ಮನೆ ಉಸಿರಾಡುತ್ತ ಕೂತೆ. ಗದ್ದಲ ನಿಲ್ಲುತ್ತದೆ ಎಂಬುದನ್ನು ಈ ವರ್ಷ ಕಲಿತಿದ್ದೇನೆ. ಕೊನೆಗೆ ಲಾರಿಯವನೇ ತಲೆ ಚಚ್ಚಿಕೊಂಡು ಹಿಂದಕ್ಕೆ ಹೋಗಿ ಪಕ್ಕದ ಓಣಿಗೆ ತಿರುಗಿಸಿದ. ನಾನು ಒಂದಂಗುಲವೂ ಹಿಂದೆ ಜಾರದೆ ಬಸ್ಸನ್ನು ಏರಿಸಿದೆ. ಅವನ ಪಕ್ಕ ಹಾದು ಹೋಗುವಾಗ ಕೈಯೆತ್ತಿ ಧನ್ಯವಾದ ಹೇಳಿದೆ. ಅವನು ಕಕ್ಕಾಬಿಕ್ಕಿ.

ಡಿಪೋದಲ್ಲಿ ಇಳಿದಾಗ ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು. “ಹೇಗೆ?” ಎಂದು ಪರೀಕ್ಷಕರನ್ನು ಕೇಳಿದರು. “ನನ್ನ ಹೆಂಡತಿ ಮಕ್ಕಳನ್ನ ಈ ಬಸ್ಸಲ್ಲಿ ಕಳಿಸ್ತೀನಿ” ಎಂದು ಹೇಳಿ, ಸಹಿ ಮಾಡಿ ಹೊರಟೇಬಿಟ್ಟರು. ಮ್ಯಾನೇಜರು, “ಸೋಮವಾರದಿಂದ ಬನ್ನಿ. ಬೆಳಗಿನ ಪಾಳಿ ಹಾಕಿದೀನಿ. ಮಧ್ಯಾಹ್ನ ಮಗು ಹತ್ರ ಇರಬಹುದು” ಎಂದರು. ನಾನು ಕೇಳಿರಲಿಲ್ಲ, ಅವರೇ ಯೋಚಿಸಿ ಇಟ್ಟಿದ್ದರು.

ನಿನ್ನ
ಜೀರಿಗೆ


ಆಗಸ್ಟ್ ೨೪

ಅಕ್ಕಾ,

ಎರಡು ವಾರದಿಂದ ಓಡಿಸುತ್ತಿದ್ದೇನೆ. ಮಾತ್ರೆ ನಡೆಯುತ್ತಿದೆ, ನಿಲ್ಲಿಸುವುದನ್ನು ಚಳಿಗಾಲ ಕಳೆದ ಮೇಲೆ ಯೋಚಿಸೋಣ ಎಂದಿದ್ದಾರೆ ಡಾಕ್ಟರಮ್ಮ. ನನಗೆ ಅವಸರವಿಲ್ಲ. ಪಾಳಿ ಮುಗಿಸಿ ಬಂದು ಉಣ್ಣುತ್ತೇನೆ, ಮಗಳ ಜೊತೆ ಮಲಗುತ್ತೇನೆ, ಸಂಜೆ ಕಾಲುವೆಯ ಕಡೆ ಹೋಗುತ್ತೇವೆ. ನಡಿಗೆಯವರು ಈಗ ಎಷ್ಟಾಗಿದ್ದೇವೆಂದರೆ, ತಳ್ಳುಗಾಡಿಗಳ ಸಾಲು ನೋಡಿ ಸೈಕಲ್ಲಿನವರು ಇಳಿದು ದಾರಿ ಬಿಡುತ್ತಾರೆ.

ನಿನ್ನೆಯದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬಸ್ಸು ತುಂಬಿತ್ತು, ನಿಲ್ಲಲೂ ಜಾಗವಿರಲಿಲ್ಲ. ಗ್ರಂಥಾಲಯದ ನಿಲ್ದಾಣದಲ್ಲಿ ಬಡಗಿ ಹತ್ತಿದ, ಎದೆಗೆ ಅವಳನ್ನು ಕಟ್ಟಿಕೊಂಡು. ನನಗೆ ಹೇಳಿಯೇ ಇರಲಿಲ್ಲ. ನನ್ನನ್ನು ನೋಡಿ ಗುರುತಿಲ್ಲದವನ ಹಾಗೆ ಮುಂದಿನ ಸೀಟಿನ ಹತ್ತಿರ ಕಂಬ ಹಿಡಿದು ನಿಂತ. ಒಬ್ಬ ಹಿರಿಯರು ಎದ್ದು ಜಾಗ ಬಿಟ್ಟುಕೊಟ್ಟರು. ಅವಳೋ, ಕಿಟಕಿ ನೋಡಿದಳು, ಹಿರಿಯರ ಟೋಪಿ ನೋಡಿದಳು, ಬಾಯಿ ಸೊಟ್ಟ ಮಾಡಿ ಅಳಲು ಶುರುವಿಟ್ಟಳು. ಸಣ್ಣ ಅಳುವಲ್ಲ. ಇಡೀ ಬಸ್ಸು ತಿರುಗಿ ನೋಡಿತು.

ಕೆಂಪು ದೀಪಕ್ಕೆ ಬಸ್ಸು ನಿಂತಾಗ ಹಿರಿಯರಿಗೆ ತಡೆಯಲಾಗಲಿಲ್ಲ. “ಏನಪ್ಪಾ, ಇಷ್ಟು ಎಳೆ ಮಗೂನ ಒಬ್ಬನೇ ಕರ್ಕೊಂಡು ಓಡಾಡ್ತಿದೀಯಲ್ಲ. ಇದರ ಅಮ್ಮ ಎಲ್ಲಿ?” ಎಂದರು.

ಬಡಗಿ ಹೆಬ್ಬೆರಳಿನಿಂದ ನನ್ನ ಕಡೆ ತೋರಿಸಿದ.

“ಅಗೋ ಅಲ್ಲಿ. ನಮ್ಮನ್ನೆಲ್ಲ ಕರ್ಕೊಂಡು ಹೋಗ್ತಿದಾಳೆ.”

ಮುಂದಿನ ಸೀಟಿನವರೆಲ್ಲ ಹೋ ಎಂದರು. ಯಾರೋ ಚಪ್ಪಾಳೆ ಹೊಡೆದರು. ಹಿರಿಯರು ಟೋಪಿ ತೆಗೆದು ನನ್ನ ಕಡೆ ಬಗ್ಗಿದರು. ಅವಳ ಅಳು ಮಾತ್ರ ನಿಂತಿರಲಿಲ್ಲ, ಗಂಟಲು ಹರಿಯುವಂತೆ ಅಳುತ್ತಲೇ ಇದ್ದಳು. ಎಷ್ಟು ಗಟ್ಟಿ ಗಂಟಲು ಇವಳದು ಎಂದುಕೊಂಡೆ, ಹೆಮ್ಮೆಯಾಯಿತು. ಹಸಿರು ದೀಪ ಬಂತು. ಗೇರು ಹಾಕಿದೆ.

ನಿನ್ನ
ಜೀರಿಗೆ